ಹದಿನೇಳನೇ ನಂಬರು

"ಹೋಲ್ಡರ್ ಕೆಳಗಿಡೇ ಮುಂಡೆ, ಪೊರಕೆ ಹಿಡಿ! ತಪಾಸಣೆ ಎಂಜಿನಿಯರ್ರು ಗೇಟಿಗೆ ಬಂದ್ರು!"

ಕಂಟ್ರಾಕ್ಟರು ಬೂಟಿನ ತುದಿಯಿಂದ ಅವಳ ಅಂಗಾಲಿಗೆ ತಿವಿದ. ಕೂಲಿಗಳೆಲ್ಲ 'ಮಸಿ' ಎಂದು ಕರೆಯುವ ಆ ಹುಡುಗಿ ಏಳಲಿಲ್ಲ. ನೀರಿನ ದೊಡ್ಡ ಕೊಳವೆಯ ಕೆಳಗೆ, ಒದ್ದೆ ಮಣ್ಣಿನಲ್ಲಿ ಅಂಗಾತ ಮಲಗಿ ಬೆಸುಗೆ ಹಾಕುತ್ತಿದ್ದಳು. ತಲೆಮೇಲಿನ ಬೆಸುಗೆಯನ್ನು ನಡುವೆ ಬಿಟ್ಟರೆ ಅಲ್ಲೊಂದು ತೂತು ಉಳಿಯುತ್ತದೆ. ಕಿಡಿಯೊಂದು ಅಂಗಿಯೊಳಗೆ ಇಳಿದು ಎದೆ ಸುಟ್ಟಿತು. ಹೋಲ್ಡರಿಗೆ ಸಿಕ್ಕಿಸಿದ ಬೆಸುಗೆಯ ರಾಡು ಕರಗಿ ಮುಗಿಯುವವರೆಗೆ ಕೈ ಅಲುಗಲಿಲ್ಲ.

"ಕಿವಿಗೇನು ಸೀಸ ಹುಯ್ಕೊಂಡಿದ್ದೀಯೇನೆ? ಹುಡುಗಿ ಕೈಲಿ ಹೋಲ್ಡರ್ ನೋಡಿದ್ರೆ ಬಿಲ್ಲು ಪಾಸಾಗಲ್ಲ."

ಅವಳು ಎದ್ದು ಪೊರಕೆ ಹಿಡಿದಳು. ತಪಾಸಣೆಯವರು ಬಂದಾಗಲೆಲ್ಲ ಇದೇ ಪಾಡು.

ಅಪ್ಪ ತಡವರಿಸುತ್ತ ಸುತ್ತಿಗೆ ಹಿಡಿದು ಬಂದ. ಬೆಸುಗೆಯ ಬೆಳಕೇ ಅವನ ಕಣ್ಣನ್ನು ತಿಂದಿತ್ತು. ಈಗ ಅವನಿಗೆ ಉಳಿದಿದ್ದು ಒಂದೇ ಕೆಲಸ: ಪ್ರತಿ ಬೆಸುಗೆಯ ಪಕ್ಕ, ಅದನ್ನು ಹಾಕಿದವರ ನಂಬರನ್ನು ಉಕ್ಕಿನ ಅಚ್ಚಿನಿಂದ ಹೊಡೆದು ಮೂಡಿಸುವುದು. ನಾಳೆ ಅಲ್ಲಿ ನೀರು ಜಿನುಗಿದರೆ ಯಾರ ಕುತ್ತಿಗೆ ಹಿಡಿಯಬೇಕೆಂದು ಗೊತ್ತಾಗಬೇಕಲ್ಲ. ಮಗಳ ನಂಬರು ಹದಿನೇಳು. "ತಗೋ, ನಿನ್ನ ಮಗಳ ಹೆಸರು ಕಬ್ಬಿಣದ ಮೇಲೆ ಉಳಿಯುತ್ತೆ" ಎಂದು ಕಂಟ್ರಾಕ್ಟರನೇ ಅಚ್ಚು ಕೊಟ್ಟಿದ್ದ. ಬೇರೆಯವರ ನಂಬರಿಗೆ ಅಪ್ಪ ಎರಡೇಟು ಹಾಕುತ್ತಿದ್ದ. ಹದಿನೇಳಕ್ಕೆ ನಾಲ್ಕು.

ಎರಡು ವರ್ಷದ ಹಿಂದೆ ಅವಳು ಒಳ್ಳೆಯ ಅಂಕ ತೆಗೆದು ಕಾಲೇಜಿನ ಅರ್ಜಿ ತಂದಾಗ ಕಂಟ್ರಾಕ್ಟರು ಅವರ ಮನೆಯ ಹೊಸ್ತಿಲಿಗೇ ಬಂದು ನಿಂತಿದ್ದ. "ಕಾಲೇಜು ಕಟ್ಕೊಂಡು ಏನ್ ಮಾಡ್ತೀಯೋ? ನಿಮ್ಮಂಥೋರಿಗೆ ವಿದ್ಯೆ ಇರೋದು ಕೈಯಲ್ಲಿ, ತಲೇಲಲ್ಲ. ಎರಡು ವರ್ಷ ನನ್ನ ಹತ್ರ ಬಿಡು. ಅನುಭವದ ಪತ್ರಕ್ಕೆ ನಾನೇ ಸಹಿ ಹಾಕ್ತೀನಿ. ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡ್ರೆ ಇವಳನ್ನ ಹಿಡಿಯೋರ್ಯಾರು?"

ಅಪ್ಪ ಅರ್ಜಿ ಮಡಚಿಟ್ಟ. ಮೊದಲ ತಿಂಗಳು ಮಸಿ ಅತ್ತಿದ್ದಳು. ಆಮೇಲೆ, ಕರಗಿದ ಕಬ್ಬಿಣ ತಾನು ಹೇಳಿದ ಕಡೆ ಹೋಗಿ ನಿಲ್ಲುವುದನ್ನು ಕಂಡ ಮೇಲೆ, ಬೇರೇನೂ ಬೇಡವೆನಿಸಿತ್ತು. ಲೈಸೆನ್ಸ್ ಪರೀಕ್ಷೆಗೆ ಅರ್ಜಿ ಹಾಕಲು ಇನ್ನು ಮೂರು ದಿನ. ಬೇಕಾಗಿದ್ದುದು ಆ ಸಹಿ ಒಂದೇ.

ಎಂಜಿನಿಯರು ಬೆಸುಗೆಗಳ ಒಳಗಿನ ತೂತು ತೋರಿಸುವ ಎಕ್ಸ್‌ರೇ ಫಿಲ್ಮನ್ನು ಬಿಸಿಲಿಗೆ ಹಿಡಿದು ನೋಡಿದ. ಹುಬ್ಬು ಮೇಲೇರಿತು.

"ಒಂದು ಚುಕ್ಕೆನೂ ಇಲ್ವಲ್ರೀ! ಯಾರಿದು ಹದಿನೇಳು?"

"ಹೋಗು ಮಗಾ" ಎಂದು ಅಪ್ಪ ಬೆನ್ನು ತಳ್ಳಿದ. ಅವಳು ಪೊರಕೆ ಬಿಟ್ಟು ಒಂದು ಹೆಜ್ಜೆ ಇಟ್ಟಳು.

ಜೀಪಿನಿಂದ ಕಂಟ್ರಾಕ್ಟರನ ಅಕ್ಕನ ಮಗ ಇಳಿದ. ಕೂಲಿಗಳು ಅವನನ್ನು 'ಡಿಪ್ಲೊಮಾ' ಎನ್ನುತ್ತಿದ್ದರು. ಎಂಜಿನಿಯರು ಬೆಸುಗೆಗಾರರ ರಿಜಿಸ್ಟರ್ ತೆರೆದ. ಹದಿನೇಳರ ಮುಂದೆ ಡಿಪ್ಲೊಮಾನ ಫೋಟೊ ಅಂಟಿಸಿತ್ತು.

"ಕಾಲೇಜಲ್ಲಿ ಕಲಿತ ಕೈ ಅಂದ್ರೆ ಹೀಗಿರ್ಬೇಕು" ಎಂದು ಎಂಜಿನಿಯರು ಅವನ ಕೈ ಕುಲುಕಿದ.

ಅಪ್ಪ ಕಂಟ್ರಾಕ್ಟರನ ತೋಳು ತಡಕಿದ. "ಸಾವ್ಕಾರ್ರೇ, ಹದಿನೇಳು ನನ್ನ ಮಗಳದಲ್ವಾ?"

ಕಂಟ್ರಾಕ್ಟರು ಅವನನ್ನು ಶೆಡ್ಡಿನ ಮರೆಗೆ ಎಳೆದ. ಮಸಿ ಹಿಂದೆಯೇ ಹೋದಳು.

"ಬಾಯ್ಮುಚ್ಚೋ ಕುರುಡ ಬೋಳಿಮಗನೇ. ನಂಬರು ಕಾಗದ ಇರೋರಿಗೆ. ಇವಳ್ಯಾವ ಕಾಲೇಜಿಗೆ ಹೋಗಿದ್ಲು?"

"ಬೇಡ ಅಂದೋರು ನೀವೇ ಅಲ್ವಾ?"

"ಅಂದೆ. ನೀವ್ಯಾಕೆ ಕೇಳಿದ್ರಿ?"

"ನನ್ನ ಪತ್ರ?" ಎಂದಳು ಮಸಿ.

"ಹೆಲ್ಪರ್ ಅಂತ ಬರ್ಕೊಡ್ತೀನಿ. ಕಸ ಗುಡಿಸಿದ ಅನುಭವ."

ಅವನು ಹೋದ. ಅಪ್ಪ ಸುತ್ತಿಗೆ ಹಿಡಿದ ಕೈಯನ್ನೇ ನೋಡುತ್ತಿರುವವನಂತೆ ತಲೆ ಬಗ್ಗಿಸಿದ. "ನಾನೇ ಹೊಡ್ದೆನಲ್ಲವ್ವಾ... ಒಂದೊಂದಕ್ಕೂ ನಾಲ್ಕೇಟು..."

ಮಸಿ ಕಬ್ಬಿಣ ಕೊಯ್ಯುವ ಗ್ರೈಂಡರ್ ಎತ್ತಿಕೊಂಡು ಕೊಳವೆಯ ಬಳಿ ಹೋಗಿ, ಎಲ್ಲರೂ ನೋಡುತ್ತಿರುವಂತೆಯೇ, ಸೊಂಟದೆತ್ತರದಲ್ಲಿ ತನ್ನದೇ ಬೆಸುಗೆಯ ಮೇಲೆ ಒತ್ತಿದಳು. ಕಿಡಿ ಎಂಜಿನಿಯರನ ಬೂಟಿನವರೆಗೆ ಚಿಮ್ಮಿತು. ಬೆಸುಗೆ ಎರಡಂಗುಲ ಸೀಳಿತು.

"ಏಯ್! ಯಾರಿವಳು? ಏನ್ಮಾಡ್ತಿದ್ದಾಳೆ?"

"ಹದಿನೇಳನೇ ನಂಬರಿನ ಜಾಯಿಂಟು ಸಾರ್, ಸೀಳಿದೆ" ಎಂದಳು. "ಹದಿನೇಳರೋರು ಇಲ್ಲೇ ಇದ್ದಾರೆ. ನಿಮ್ಮ ಕಣ್ಮುಂದೆನೇ ಹಾಕ್ಲಿ."

"ತಲೆ ಕೆಟ್ಟಿದೆ ಸಾರ್ ಅವಳಿಗೆ, ನೀವು ಬನ್ನಿ, ಊಟ—"

ಎಂಜಿನಿಯರು ಗಡಿಯಾರ ನೋಡಿಕೊಂಡ. "ಎರಡಂಗುಲ ತಾನೆ? ಹಾಕಿಬಿಡಪ್ಪಾ, ನಿಂಗೇನು ಮಹಾ."

ಕೂಲಿಗಳು ಒಬ್ಬೊಬ್ಬರಾಗಿ ಕೈಲಿದ್ದುದನ್ನು ಕೆಳಗಿಟ್ಟರು. ಡಿಪ್ಲೊಮಾ ಹೋಲ್ಡರ್ ಹಿಡಿದು ರಾಡು ತಾಗಿಸಿದ. ಅದು ಕೊಳವೆಗೆ ಕಚ್ಚಿಕೊಂಡಿತು. ಎಳೆದ. ಬರಲಿಲ್ಲ. ಎರಡೂ ಕೈಲಿ ಜಗ್ಗಿದ.

"ಎಮ್ಮೆ ಹಾಲು ಕರೀತಿದ್ದಾನೇನ್ರೋ?" ಎಂದು ಯಾರೋ ಹಿಂದಿನಿಂದ ಕೇಳಿದರು. ಯಾರೂ ನಗಲಿಲ್ಲ. ಎಂಜಿನಿಯರು ರಿಜಿಸ್ಟರಿನ ಫೋಟೊ ನೋಡಿದ, ಹುಡುಗನನ್ನು ನೋಡಿದ, ರಿಜಿಸ್ಟರ್ ಮುಚ್ಚಿ ಕಂಕುಳಿಗೆ ಸೇರಿಸಿದ.

ಕಂಟ್ರಾಕ್ಟರು ಮಸಿಯ ಕಿವಿಯ ಹತ್ತಿರ ಬಗ್ಗಿದ. ದನಿಯಲ್ಲಿ ಬೆಣ್ಣೆ. "ಬಿಡ್ಸವ್ವಾ ಅದನ್ನ, ನಮ್ಮವ್ವ ಅಲ್ವಾ. ಸಂಜೆಗೇ ಪತ್ರ ಬರ್ಕೊಡ್ತೀನಿ."

ಮಸಿ ಮಣ್ಣಿನ ಗುಡ್ಡೆಯ ಮೇಲೆ ಕೂತು ಕೈಗವಸು ಬಿಚ್ಚಿದಳು. ರಾಡಿಗೆ ಕರೆಂಟು ಕೊಡುತ್ತಿದ್ದ ವೆಲ್ಡಿಂಗ್ ಯಂತ್ರದ ಸ್ವಿಚ್ಚು ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು; ಅದನ್ನು ಆರಿಸಲು ಅವಳು ಕೈ ಚಾಚಲಿಲ್ಲ. ಗೇಟಿನಿಂದ ಇಬ್ಬರು ಕಾವಲುಗಾರರು ದೊಣ್ಣೆ ಹಿಡಿದು ಅವಳತ್ತ ಓಡಿ ಬರುತ್ತಿದ್ದರು. ಕಚ್ಚಿಕೊಂಡ ರಾಡು ಕೆಂಪಾಗುತ್ತ, ಕೆಂಪಾಗುತ್ತ, ಡಿಪ್ಲೊಮಾನ ಕೈಯ ಕಡೆಗೆ ಏರುತ್ತಿತ್ತು.