ಕೋಲು ಹೊತ್ತು ಹೋದ ಹುಡುಗಿ

ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಮಕ್ಕಳಿಗೆ ಹೊಟ್ಟೆನೋವು ಬರುವುದು ಯಾರ ಮನೆಯಲ್ಲಿಲ್ಲ ಹೇಳಿ. ಸ್ಕೂಲಿನ ಗಂಟೆ ಹೊಡೆದ ಮೇಲೆ ನೋವೂ ಹೋಗುತ್ತದೆ, ಮಗು ಎದ್ದು ದೋಸೆ ಕೇಳುತ್ತದೆ, ನಾವು ನಕ್ಕು ಸುಮ್ಮನಾಗುತ್ತೇವೆ. ಸಿ.ಎಸ್. ಪುರದ ಪಕ್ಕದ ಒಂದು ಹಳ್ಳಿಯಲ್ಲಿ ಇಂಪನಾ ಅಂತ ಒಬ್ಬಳು ಹುಡುಗಿ ಇದ್ದಾಳೆ. ನಾಲ್ಕನೇ ಕ್ಲಾಸು. ಅವಳ ಹೊಟ್ಟೆನೋವಿಗೂ ಮನೆಯವರು ಮೊದಮೊದಲು ನಕ್ಕರು.

ಇಂಪನಾಳ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಎದ್ದು ಹಿತ್ತಿಲು ನೋಡಿ ಬರುತ್ತಾಳೆ. ಹೋದ ವರ್ಷ ಅವಳನ್ನು ವ್ಯಾನಿನಲ್ಲಿ ದೂರದ ಒಂದು ಕಾನ್ವೆಂಟಿಗೆ ಕಳಿಸುತ್ತಿದ್ದರು. ಅಲ್ಲಿ ಜಾಗ ಬಿಟ್ಟು ಎದ್ದರೆ ಅಂಗೈ ಮೇಲೆ ಏಟು. ಹೊಟ್ಟೆನೋವು ಶುರುವಾದದ್ದು ಆಗಲೇ. ವರ್ಷ ಮುಗಿಯುವಷ್ಟರಲ್ಲಿ ಹುಡುಗಿಯ ಮಾತೇ ಕಡಿಮೆಯಾಯಿತು. ನಿದ್ದೆಯಲ್ಲಿ ಮಾತ್ರ "ಕೂತ್ಕೊಂಡೇ ಇದೀನಿ ಮಿಸ್, ಕೂತ್ಕೊಂಡೇ ಇದೀನಿ" ಎಂದು ಕನವರಿಸುವಳು. ತಾಯಿ ರೂಪಶ್ರೀಗೆ ತಡೆಯಲಾಗಲಿಲ್ಲ. ಹಠ ಹಿಡಿದು ಈ ಜೂನ್‌ನಲ್ಲಿ ಊರಿನ ಸರ್ಕಾರಿ ಶಾಲೆಗೇ ಸೇರಿಸಿದಳು. ಹೊಟ್ಟೆನೋವು ನಿಂತಿತು.

ತಾತ ಲಕ್ಷ್ಮೀನರಸಿಂಹಯ್ಯನವರಿಗೆ ಇದು ಹಿಡಿಸಲಿಲ್ಲ. ತಾತ ಕೆಟ್ಟವರೇನಲ್ಲ. ತೋಟದಲ್ಲಿ ಎಳನೀರು ಇಳಿಸಿದರೆ ಮೊದಲನೆಯದು ಮೊಮ್ಮಗಳಿಗೇ. ಆದರೆ ಪಾಠ ಅಂದರೆ ಕೋಲು, ಕೋಲು ಅಂದರೆ ಪಾಠ ಅನ್ನುವುದು ಅವರ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು.

"ಆ ಸ್ಕೂಲಿನ ಗಲಾಟೆ ನಮ್ ತೋಟಕ್ಕೇ ಕೇಳ್ಸತ್ತೆ. ಮಿಸ್ ಕೈಲಿ ಒಂದ್ ಕೋಲೂ ಇಲ್ವಂತೆ. ಮಕ್ಳಿಗೆ ಭಯ ಅನ್ನೋದು ಬ್ಯಾಡ್ವಾ?" ಅಂದರು.

"ಹಳೇ ಭಯಾನೇ ಇನ್ನೂ ಹೋಗಿಲ್ಲ ಮಾವ ಅವಳಿಗೆ," ಅಂದಳು ರೂಪಶ್ರೀ.

"ನೀನ್ ಸುಮ್ನಿರವ್ವ. ದಸರಾ ರಜ ಬರೋಗಂಟ ನೋಡ್ತೀನಿ. ಆಗ್ಲೂ ನೆಟ್ಗೆ ಕೂರ್ದೇ ಇದ್ರೆ ಕುಣಿಗಲ್ ಕಡೆ ಒಂದ್ ಹಾಸ್ಟೆಲ್ ಸ್ಕೂಲೈತೆ, ಅಲ್ಲಿಗೆ ಹಾಕ್ಬುಡ್ತೀನಿ. ಗೇಟ್ ಹಾಕಿದ್ರೆ ಎಲ್ಲೋಯ್ತಾಳೆ?"

ರೂಪಶ್ರೀಗೆ ಗೊತ್ತಿತ್ತು, ಮಾವ ಆಡಿದರೆ ಮಾಡುವವರು.

ಗೌರಿ ಹಬ್ಬ ಮುಗಿದ ವಾರ ತಾತ ಹುಣಸೆ ಮರದಿಂದ ಒಂದು ಕೊಂಬೆ ಕಡಿದರು. ಜಗಲಿ ಮೇಲೆ ಕೂತು ಸಿಪ್ಪೆ ಸುಲಿದರು, ಗಂಟು ಸವರಿದರು, ಎಣ್ಣೆ ಹಚ್ಚಿದರು. ಅಷ್ಟು ಪ್ರೀತಿಯಿಂದ ಮಾಡಿದ ಕೋಲನ್ನು ಬೆಳಿಗ್ಗೆ ಮೊಮ್ಮಗಳ ಕೈಗೇ ಕೊಟ್ಟರು. "ಮಿಸ್ಗೆ ಕೊಡು ಮಗಾ. ನಮ್ ತಾತ ಕೊಟ್ಟವ್ರೆ ಅನ್ನು."

ತನಗೆ ಬೀಳಬೇಕಾದ ಏಟಿನ ಕೋಲನ್ನು ತಾನೇ ಹೊತ್ತುಕೊಂಡು ಆ ಹುಡುಗಿ ಹೊರಟಳು. ಆವತ್ತು ಮಂಜು ಬಿದ್ದಿತ್ತು. ತೆಂಗಿನ ಮರಗಳ ಬುಡ ಮಾತ್ರ ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ಕೋಲಿನ ತುದಿ ಮಣ್ಣಿನಲ್ಲಿ ಗೀರೆಳೆಯುತ್ತ ಅವಳ ಹಿಂದೆಯೇ ಬಂತು. ದಿನಾ ನಡೆಯುವ ದಾರಿಯೇ, ಆವತ್ತು ಮುಗಿಯಲೇ ಇಲ್ಲ ಅನಿಸಿತು ಅವಳಿಗೆ. ಮನೆಯಿಂದ ಸ್ಕೂಲಿನ ಬಾಗಿಲವರೆಗೂ ಒಂದೇ ಗೀರು ಬಿದ್ದಿತ್ತು.

ಮಾನಸಾ ಮಿಸ್ ತುಮಕೂರಿನ ಶೆಟ್ಟಿಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವವರು. ಕೋಲು ತೆಗೆದುಕೊಂಡು, "ಇದು ಯಾರಿಗೆ ಪುಟ್ಟಾ?" ಅಂತ ಕೇಳಿದರು.

"ನಂಗೆ ಮಿಸ್," ಅಂದಳು ಇಂಪನಾ. ಅನ್ನುತ್ತಲೇ ಅಂಗೈ ಚಾಚಿದಳು.

ಮಿಸ್ ಕೋಲನ್ನು ಗೋಡೆಗೆ ಒರಗಿಸಿದರು. ಆ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಬೆರಳುಗಳನ್ನು ಮೆಲ್ಲಗೆ ಮಡಿಸಿದರು.

ಮಾರನೇ ಬೆಳಿಗ್ಗೆಯಿಂದ ಹೊಟ್ಟೆನೋವು ಮತ್ತೆ ಶುರುವಾಯಿತು. ಅದೇ ವಾರ ಶಾಲೆಯ ಮೇಲುಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಅಧ್ಯಕ್ಷ ಷಡಕ್ಷರಿ ತಾತನ ಜಗಲಿಗೆ ಬಂದು ಕೂತ. ಪಕ್ಕದ ಮನೆಯವನು, ಸಲಿಗೆ ಇತ್ತು.

"ನರಸಿಂಹಣ್ಣ, ಕೋಲು ಬಂತು, ಕೊಟ್ಟೋರು ಬರ್ಲಿಲ್ಲ ಅಂತ ಮಿಸ್ ಹೇಳವ್ರೆ. ಒಂದಿನ ಬಂದು ಕ್ಲಾಸಲ್ಲಿ ಕೂತ್ ನೋಡ್ಬೇಕಂತೆ ನೀನು."

"ಹೊಡೀತಾರಂತೋ ಇಲ್ವಂತೋ?"

"ಹೊಡೆಯೋಂಗಿಲ್ಲ ಕಣಣ್ಣ. ಕಾನೂನೇ ಐತೆ. ಏಟೂ ಕೊಡಂಗಿಲ್ಲ, ಎಲ್ರ ಮುಂದೆ ಅವಮಾನಾನೂ ಮಾಡಂಗಿಲ್ಲ. ಸರ್ಕಾರಿ ಸ್ಕೂಲಾಗ್ಲಿ, ಕಾನ್ವೆಂಟಾಗ್ಲಿ, ಎಲ್ಲಾ ಒಂದೇಯ."

"ಕಾನೂನು ಬಂದು ಮಗ್ಗಿ ಹೇಳ್ಕೊಡ್ತದೇನ್ಲಾ?"

"ಅದ್ನೇ ಬಂದು ನೋಡು ಅಂತಿರೋದು," ಅಂದ ಷಡಕ್ಷರಿ.

ತಾತ ಪಂಚೆ ಬದಲಿಸಿ, ಟವೆಲ್ ಹೆಗಲಿಗೆ ಹಾಕಿಕೊಂಡು, ಒಂದು ಕೈ ನೋಡೇ ಬಿಡುತ್ತೇನೆ ಅಂತ ಹೋದರು. ಒಂದೇ ಕೋಣೆಯಲ್ಲಿ ನಾಲ್ಕು, ಐದನೇ ಕ್ಲಾಸು ಎರಡೂ. ನಲವತ್ತು ಚಿಲ್ಲರೆ ಮಕ್ಕಳು ಅಲ್ಲಲ್ಲಿ ಗುಂಪುಗುಂಪಾಗಿ ಕೂತು ಒಬ್ಬರಿಗೊಬ್ಬರು ಲೆಕ್ಕ ಹೇಳಿಕೊಡುತ್ತಿದ್ದರು.

"ಇದೇನ್ ಸ್ಕೂಲಾ ತಾಯಿ, ಸಂತೆಯಾ?" ಅಂದರು ತಾತ.

ಮಿಸ್ ನಕ್ಕರು. "ಕಷ್ಟಾನೇ ತಾತ, ಸುಳ್ಳು ಹೇಳಲ್ಲ. ರಾತ್ರಿ ಎಲ್ಲಾ ಮೊಬೈಲ್ ನೋಡಿ ತೂಕಡಿಸೋರು ಇದಾರೆ, ಓದೋಕೆ ಬರೋರು ಇದಾರೆ, ಬರದೇ ಇರೋರೂ ಇದಾರೆ. ಕೆಲವು ದಿನ ಗಂಟಲು ಕಟ್ಕೊಂಡೇ ಬಸ್ ಹತ್ತೀನಿ. ಆದ್ರೆ ಈ ಸದ್ದು ಕೆಲಸದ ಸದ್ದು. ನಿಲ್ಲಿಸ್ಬೇಕು ಅಂದ್ರೆ ಹಿಂಗೆ." ಅವರು ಅಂಗೈ ಮೇಲೆತ್ತಿದರು. ಮುಂದೆ ಕೂತವರು ನೋಡಿ ಕೈ ಎತ್ತಿದರು, ಅವರನ್ನು ನೋಡಿ ಹಿಂದಿನವರು. ಕೈ ಎತ್ತಿದವರ ಬಾಯಿ ಮುಚ್ಚಿತು. ಸದ್ದು ತಾನಾಗಿ ಇಳಿಯಿತು.

"ಇದು ಮಕ್ಕಳೇ ಕೂತು ಮಾಡ್ಕೊಂಡ ನಿಯಮ. ತಾವೇ ಮಾಡ್ಕೊಂಡಿದ್ದು ಅಂತ ತಾವೇ ಕಾಯ್ತಾರೆ."

"ನಮ್ ಹುಡ್ಗಿ ಕೂರ್ತಾಳಾ?"

"ಪೂರ್ತಿ ಕೂರಲ್ಲ. ಅದಕ್ಕೇ ಓಡಾಡೋ ಕೆಲಸ ಅವಳಿಗೆ. ಪುಸ್ತಕ ಹಂಚೋದು, ಕಿಟಕಿ ತೆಗೆಯೋದು ಎಲ್ಲಾ ಅವಳೇ. ಒಂದು ಸುತ್ತು ಹೋಗಿ ಬಂದ್ರೆ ಆಮೇಲೆ ಕೂತು ಲೆಕ್ಕ ಮಾಡ್ತಾಳೆ. ಆ ಕೋಲು ಬಂದ ದಿನದಿಂದ ಮಾತ್ರ ಅದನ್ನೂ ಬಿಟ್ಟು ಮೂಲೆ ಸೇರಿದಾಳೆ."

ತಾತನಿಗೆ ಆ ಕೊನೆಯ ಮಾತು ಚುಚ್ಚಿತು. ಹೋಗಿ ಹಿಂದೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರು. ತೋಟದ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಮಕ್ಕಳ ಸದ್ದು ಮತ್ತೆ ಎದ್ದು ದೂರ ದೂರ ಹೋಯಿತು. ಪರೀಕ್ಷೆ ಮಾಡಲು ಬಂದ ತಾತ ನಿದ್ದೆಗೆ ಜಾರಿದರು.

ನಿದ್ದೆಯಲ್ಲಿ ಅವರು ಚಡ್ಡಿ ಹಾಕಿದ ಹುಡುಗ. ಅವರ ಕಾಲದ ಮೇಷ್ಟ್ರು ಹೆಸರು ಕೇಳುತ್ತಿದ್ದಾರೆ, ಹೆಸರೇ ನೆನಪಾಗುತ್ತಿಲ್ಲ. ಕೋಲು ಮೇಲೆದ್ದಿತು. ಅವರು ತೋಟದೊಳಗೆ ಓಡಿದರು. ಮರಗಳೆಲ್ಲ ಸರಿದು ದಾರಿ ಬಿಟ್ಟು, ಹಿಂದಿನಿಂದ ಮತ್ತೆ ಕೂಡಿಕೊಂಡವು. ಮನೆಯ ಅಟ್ಟ ಹತ್ತಿ, ಕೊಬ್ಬರಿಗೆ ಹಾಕಿದ್ದ ಕಾಯಿರಾಶಿಯ ಹಿಂದೆ ಮುದುರಿ ಕೂತರು. ಕೆಳಗಿಂದ ಅವ್ವ ಕೂಗುತ್ತಲೇ ಇದ್ದಳು. ಇಳಿಯಲು ಕಾಲು ಬರಲಿಲ್ಲ. ಕೊನೆಗೆ ಆ ಕೂಗೂ ನಿಂತಿತು, ಎಲ್ಲೂ ಸದ್ದಿಲ್ಲ.

ಕಣ್ಣು ಬಿಟ್ಟರು. ನಿಜವಾಗಿಯೂ ಎಲ್ಲೂ ಸದ್ದಿರಲಿಲ್ಲ. ಮಕ್ಕಳೆಲ್ಲ ತಮ್ಮ ಹಾಗೇ ಹೆದರಿ ಓಡಿಹೋದರೇನೋ ಅಂತ ಒಂದು ಗಳಿಗೆ ಗಾಬರಿಯಾಯಿತು. ನೋಡಿದರೆ ಎಲ್ಲರೂ ಅಲ್ಲೇ ಇದ್ದಾರೆ, ಕೈ ಎತ್ತಿ ಕೂತಿದ್ದಾರೆ, ಕಣ್ಣಲ್ಲೇ ನಗುತ್ತಿದ್ದಾರೆ. ಮಿಸ್ ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದರು. ಇಂಪನಾ ಮೂಲೆಯಿಂದ ಎದ್ದು, ತುದಿಗಾಲಲ್ಲಿ ನಡೆದು ಬಂದು, ತಾತನ ಮುಖದ ಮೇಲೆ ಬಿದ್ದ ಬಿಸಿಲಿಗೆ ಅಡ್ಡವಾಗಿ ಕಿಟಕಿ ಬಾಗಿಲು ಎಳೆಯುತ್ತಿದ್ದಳು.

"ಯಾಕಮ್ಮ ಯಾರೂ ಮಾತಾಡ್ತಿಲ್ಲ?" ತಾತ ಮೆಲ್ಲಗೆ ಕೇಳಿದರು.

"ನೀವು ಮಲಗಿದ್ರಿ ಅಂತ. ಮೊದ್ಲು ಕೈ ಎತ್ತಿದ್ದು ಇಂಪನಾ. ನಾನೇನೂ ಹೇಳ್ಲಿಲ್ಲ," ಅಂದರು ಮಿಸ್.

ತಾತ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಎಷ್ಟು ಒರೆಸಿದರೂ ಕಣ್ಣು ಒದ್ದೆಯೇ.

"ಏಟು ತಿಂದೇ ಮನುಷ್ಯ ಆದೆ ಅಂತ ಊರಿಗೆಲ್ಲ ಹೇಳ್ಕೊಂಡ್ ಬಂದೆ ಕಣಮ್ಮ. ನಿಜ ಅಂದ್ರೆ, ನಾಲ್ಕನೇ ಕ್ಲಾಸಲ್ಲಿ ಏಟಿಗೆ ಹೆದ್ರಿ ಅಟ್ಟ ಹತ್ ಕೂತೋನು ತಿರ್ಗಾ ಸ್ಕೂಲಿಗೇ ಹೋಗ್ಲಿಲ್ಲ. ಈಗ ಈ ಕೂಸ್ನೂ ಅಟ್ಟ ಹತ್ತಿಸ್ತಿದ್ನಲ್ಲ." ಇಂಪನಾಳ ತಲೆ ಸವರಿದರು. "ಹಾಸ್ಟೆಲ್ ಮಾತು ಇನ್ನ ಎತ್ತಲ್ಲ ಮಗಾ. ಆ ಕೋಲೆಲ್ಲಿ? ಮುರ್ದಾಕ್ತೀನಿ."

"ಮುರಿಬ್ಯಾಡ ತಾತ," ಅಂದಳು ಇಂಪನಾ. ಎಷ್ಟೋ ದಿನದ ಮೇಲೆ ಅಷ್ಟು ಗಟ್ಟಿಯಾಗಿ ಮಾತಾಡಿದಳು. ಕೈ ಹಿಡಿದು ಸ್ಕೂಲಿನ ಹಿಂದಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಮಿಸ್ ಆ ಕೋಲನ್ನು ನೆಟ್ಟು, ಅವರೆ ಬಳ್ಳಿಯನ್ನು ತೆಂಗಿನ ನಾರಿನಿಂದ ಕಟ್ಟಿದ್ದರು. ಬಳ್ಳಿ ಆಗಲೇ ಒಂದು ಸುತ್ತು ಹಾಕಿತ್ತು. ಪಕ್ಕದಲ್ಲಿ ಇನ್ನಷ್ಟು ಬಳ್ಳಿಗಳು ನೆಲದ ಮೇಲೇ ಹರಡಿದ್ದವು.

"ಇವಕ್ಕೆಲ್ಲ ಕೋಲಿಲ್ಲ ತಾತ," ಅಂದಳು.

ಮುಂದಿನ ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಬರಲಿಲ್ಲ. ತಾತ ಒಂದು ಹೊರೆ ಕೋಲು ಹೆಗಲ ಮೇಲಿಟ್ಟುಕೊಂಡು ನಡೆದರು. ಇಂಪನಾ ಬರಿಗೈ ಬೀಸುತ್ತ ಮಂಜಿನೊಳಗೆ ಮುಂದೆ ಮುಂದೆ ಓಡಿದಳು. ರೂಪಶ್ರೀ ಬಾಗಿಲಲ್ಲೇ ನಿಂತು, ಇಬ್ಬರೂ ಮರೆಯಾಗುವವರೆಗೆ ನೋಡಿದಳು.

ಅಮ್ಮಂದಿರೇ, ಅಪ್ಪಂದಿರೇ, ತಾತ ಅಜ್ಜಿಯರೇ, ಇನ್ನು ಮುಂದೆ ಸ್ಕೂಲಿಗೆ ಹೋದಾಗ "ನಾಲ್ಕು ಬಿಡಿ ಮಿಸ್" ಅನ್ನಬೇಡಿ. ಮಕ್ಕಳಿಗೆ ಹೊಡೆಯುವುದು, ಹೀಯಾಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ತಪ್ಪು. ಎಲ್ಲಾದರೂ ಹಾಗಾಗುತ್ತಿದ್ದರೆ ಎಸ್‌ಡಿಎಂಸಿಗೆ ಹೇಳಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಾಗಿಲ್ಲ. ರಾತ್ರಿ ಮೊಬೈಲ್ ತೆಗೆದಿಟ್ಟು ಮಕ್ಕಳನ್ನು ಬೇಗ ಮಲಗಿಸಿ, ಅರ್ಧ ಗಲಾಟೆ ಅಲ್ಲೇ ಕಡಿಮೆಯಾಗುತ್ತದೆ. ಅಷ್ಟು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಮೇಷ್ಟ್ರು, ಮಿಸ್ಸುಗಳಿಗೆ ನಿಮ್ಮ ಸಹಾಯ ಬೇಕು. ಒಂದು ಬೆಳಿಗ್ಗೆ ಹೋಗಿ ಕ್ಲಾಸಿನಲ್ಲಿ ಕೂತು ಬನ್ನಿ, ನಿದ್ದೆ ಬಂದರೂ ಪರವಾಗಿಲ್ಲ.

ನಾಳೆ ಸ್ಕೂಲಿನ ಹೊತ್ತಿಗೆ ನಿಮ್ಮ ಮಗುವಿಗೆ ಹೊಟ್ಟೆನೋವು ಬಂದರೆ, ನಗುವ ಮುಂಚೆ ಅದರ ಪಕ್ಕ ಒಂದು ಗಳಿಗೆ ಕೂರಿ. ಅಂಗೈ ಹಿಡಿದುಕೊಂಡು, ಏನಾಯ್ತು ಮಗಾ ಅಂತ ಕೇಳಿ.