ನೇಗಿಲ ಮೇಲಿನ ದೀಪ

ಸೀಮೆಎಣ್ಣೆ ವಾಸನೆ, ಅದರ ಹಿಂದೆಯೇ ಹಸಿ ಬಣ್ಣದ ವಾಸನೆ, ಮೂಗು ಚುರುಗುಟ್ಟುತ್ತಿದೆ, ಮೇಜಿನ ಮೇಲೆ ಎರಡು ದೀಪ, ಎರಡೂ ಮಿರಮಿರ ಮಿಂಚುತ್ತಿವೆ, ಅಯ್ಯೋ ಪುಣ್ಯಾತ್ಮ, ರಿಪೇರಿಗೆ ಅಂತ ಕೊಟ್ಟರೆ ನಿನಗೆ ಯಾರಪ್ಪ ಉಜ್ಜು ಅಂದರು — ಬಾಯಿಗೆ ಬಂದದ್ದನ್ನು ನುಂಗಿಕೊಂಡೆ, ಮೆಕ್ಯಾನಿಕ್ಕಿನ ಮುಖ ನೋಡಿದರೆ ಅಷ್ಟು ಹಿಗ್ಗಿದೆ, ಅಕ್ಕಾ, ಎರಡಕ್ಕೂ ತಂತಿ ಬ್ರಷ್ ಹಾಕಿ ಒಂದೇ ಡಬ್ಬದ ಬಣ್ಣ ಹೊಡೆದಿದೀನಿ, ಥೇಟ್ ಹೊಸದು ಇದ್ದಂಗಿಲ್ವಾ, ಆದ್ರೆ ಈಗ ನಿಮ್ಮದ್ಯಾವುದು ಅಂತ ನಂಗೇ ಗೊತ್ತಾಗ್ತಿಲ್ಲ, ನೀವೇ ಹೇಳ್ಬಿಡಿ. ಒಂದು ನಮ್ಮದು, ಉಳುವಾಗ ನೇಗಿಲ ಮೇಲೆ ಬೆಳಕು ಬೀಳಲಿ ಅಂತ ನಮ್ಮ ಯಜಮಾನರು, ಇವರು, ಟ್ರಾಕ್ಟರಿನ ಹಿಂದಿನ ಮಡ್‌ಗಾರ್ಡಿಗೆ ಕೂರಿಸಿದ್ದು, ಇನ್ನೊಂದು ಯಾರದೋ, ಅವರು ಸಂಜೆ ಬಂದು ಒಯ್ಯುತ್ತಾರಂತೆ. ಇವರು ಹೋದಮೇಲೆ ಟ್ರಾಕ್ಟರಿನಲ್ಲಿ ಎಲ್ಲ ಬದಲಾಯಿತು, ಚಕ್ರ, ಸೀಟು, ಸ್ಟಿಯರಿಂಗು ಕೂಡ, ಇವರ ಕೈ ದಿನವೂ ಆಡಿದ್ದು ಅಂತ ಉಳಿದಿರುವುದು ಈ ದೀಪವೊಂದೇ, ಬಾಯಿ ತಪ್ಪಿದರೆ ಅದೂ ಯಾರದೋ ಹೊಲಕ್ಕೆ ಹೋಯಿತು. ಬೆಳಿಗ್ಗೆ ಮಗಳ ಮುಂದೆ ಬೇರೆ ಜಂಬ ಕೊಚ್ಚಿದ್ದೇನೆ, ನೂರು ದೀಪದ ಮಧ್ಯೆ ಇಟ್ಟರೂ ನಮ್ಮದು ನನಗೆ ಗೊತ್ತಾಗುತ್ತೆ ಅಂತ. ಅವಳು ಪಾನಾ ಹಿಡಿದು ನಿಂತಿದ್ದಾಳೆ, ಎರಡೂ ಒಂದೇ ಥರ ಇದೆ ಬಿಡಮ್ಮ, ಯಾವ್ದಾದ್ರೂ ಒಂದು ಹಾಕೋಣ, ಉರಿದ್ರೆ ಆಯ್ತಲ್ಲ. ಉರಿದರೆ ಆಯ್ತಂತೆ.

ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು, ತೂಕ ಒಂದೇ, ಬೆನ್ನಿನ ಸ್ವಿಚ್ಚು ಒಂದೇ, ಗಾಜಿನ ಗೆರೆ ಒಂದೇ, ಅಂಚಿನಲ್ಲಿ ಒತ್ತಿದ ಅಕ್ಷರವನ್ನು ಮೆಕ್ಯಾನಿಕ್ಕು ಉಗುರಿನಲ್ಲಿ ಕೆರೆದು ತೋರಿಸುತ್ತಾನೆ, ಒಂದೇ ಕಂಪನಿ ಅಕ್ಕಾ, ಅಕ್ಷರ ನೋಡಿದ್ರೆ ಕಾಲನೂ ಒಂದೇ, ಅವಳಿ ಮಕ್ಕಳು. ಬಲ್ಬಿನ ಹಿಂದೆ ಬೆಳಕು ಚಿಮ್ಮಿಸುವ ಬೆಳ್ಳಿ ಬಟ್ಟಲು, ಒಳಗಿನ ಡೂಮು, ಅದನ್ನು ಮಾತ್ರ ಮುಟ್ಟಿಲ್ಲವಂತೆ, ಒರೆಸಿದರೆ ಬೆಳ್ಳಿ ಬಣ್ಣ ಕಿತ್ತು ಬರುತ್ತದಂತೆ, ಗಾಜಿನೊಳಗೆ ಇಣುಕಿದರೆ ಎರಡರಲ್ಲೂ ಬೆಳ್ಳಿ ಅಲ್ಲಲ್ಲಿ ಎದ್ದಿದೆ, ಏನು ಹೇಳಲಿ. ಇವರ ಕೈ ನೆನಪಿದೆ, ಹೆಬ್ಬೆರಳಿನ ಸೀಳು ನೆನಪಿದೆ, ಹಿಂದೆ ತಿರುಗಿಯೇ ಇರುತ್ತಿದ್ದ ಕತ್ತು ನೆನಪಿದೆ, ಉಳುವವನ ಕಣ್ಣು ಮುಂದಿಗಿಂತ ಹಿಂದೇ ಜಾಸ್ತಿ, ನೇಗಿಲು ಎಲ್ಲಿ ಎದ್ದಿತೋ ಅಂತ, ನೋಡೀ ನೋಡೀ ಫೋಟೋ ತೆಗೆಸುವಾಗಲೂ ಕತ್ತು ಅತ್ತಲೇ ವಾಲುತ್ತಿತ್ತು, ನೇರ ನೋಡೀ ಅಂತ ಫೋಟೋದವನು ಗೋಗರೆದು ಸೋತ, ನಾನು ನಕ್ಕೂ ನಕ್ಕೂ ಸುಸ್ತು. ಅಷ್ಟೆಲ್ಲ ನೆನಪಿರುವವಳಿಗೆ ದೀಪ ಯಾಕೆ ನೆನಪಿಲ್ಲ, ಥೂ ನಿನ್ನ — ಹ್ಞಾಂ, ನೋಡಿದ್ದರೆ ತಾನೇ! ನೇಗಿಲ ಹಿಂದೆ ಬುಟ್ಟಿ ಹೊತ್ತು ಕಲ್ಲು ಆಯುತ್ತಾ ನಡೆಯುತ್ತಿದ್ದವಳು, ತಲೆ ಎತ್ತಿದರೆ ಬೆಳಕು ಕಣ್ಣಿಗೇ ರಾಚುತ್ತಿತ್ತು, ದೀಪ ನೋಡ್ಬೇಡ ಕಣೇ, ಕಣ್ಣು ಕತ್ತಲೆ ಬರುತ್ತೆ, ನೆಲ ನೋಡು ಅಂತ ಕೂಗುತ್ತಿದ್ದರು, ಇವರ ಯಾವ ಮಾತನ್ನೂ ಕೇಳದ ನಾನು ಅದೊಂದನ್ನು ಕೇಳಿದೆ. ಹೊತ್ತು ಮುಳುಗಿದಾಗಿನಿಂದ ಮನೆಗೆ ಹೋಗುವ ತನಕ ನಾನು ನೋಡಿದ್ದು ಬರೀ ಮಣ್ಣು, ಹೊಸದಾಗಿ ಮಗುಚಿದ ಮಣ್ಣು, ಅದರ ಮೇಲೆ ಬಿದ್ದ ಹಳದಿ ಬೆಳಕು. ತಮ್ಮಾ, ಬಾಗಿಲು ಎಳಿ, ಎರಡನ್ನೂ ಉರಿಸಿ ತೋರಿಸು ಅಂದೆ.

ಶಟರು ಗಡಗಡ ಇಳಿಯಿತು, ಮಗಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು, ಬಿಡಲಿ. ಮಡ್‌ಗಾರ್ಡಿನ ಎತ್ತರಕ್ಕೆ ಹಿಡಿ, ಇನ್ನೂ ಸ್ವಲ್ಪ ಬಗ್ಗಿಸು, ಹ್ಞಾಂ, ಈಗ ಬ್ಯಾಟರಿಯ ತಂತಿ ಕೊಡು. ಮೊದಲನೆಯದು ಉರಿಯಿತು, ನೆಲದ ಮೇಲೆ ಬೆಳಕು ದುಂಡಗೆ, ಅಚ್ಚುಕಟ್ಟಾಗಿ, ನಾನು ಸುಮ್ಮನೆ ನಿಂತೇ ಇದ್ದೆ, ಏನೂ ಆಗಲಿಲ್ಲ, ಯಾರದೋ ಮನೆಯ ಬೆಳಕು. ಇನ್ನೊಂದು — ಹಳದಿ, ಅದರ ಎಡಕ್ಕೆ ಉದ್ದಕ್ಕೂ ಒಂದು ಕತ್ತಲೆಯ ಸೀಳು, ಡೂಮಿನ ಬೆಳ್ಳಿ ಹೋದ ಕಡೆ, ಅದು ಏನೆಂದು ತಲೆಗೆ ಹೊಳೆಯುವ ಮೊದಲೇ ನನ್ನ ಕಾಲು ತಾನಾಗಿ ಬಲಕ್ಕೆ ಸರಿದುಬಿಟ್ಟಿದೆ, ಹೊಲದಲ್ಲಿ ಆ ಸೀಳಿನೊಳಗೆ ಕಲ್ಲು ಕಾಣುತ್ತಿರಲಿಲ್ಲ, ಒಮ್ಮೆ ಎಡವಿ ನನ್ನ ಕಾಲಿನ ಹೆಬ್ಬೆರಳಿನ ಉಗುರೇ ಕಿತ್ತಿತ್ತು, ಇವರು ಟ್ರಾಕ್ಟರು ನಿಲ್ಲಿಸಿ ಇಳಿದು ಬಂದು ಆ ಕತ್ತಲೆಯಲ್ಲಿ ಬಗ್ಗಿ ಕೈಯಾಡಿಸಿ ಕಲ್ಲು ಹುಡುಕಿ ಎಸೆದರು, ಅವತ್ತಿನಿಂದ ಪ್ರತಿ ಸಾಲಿಗೂ ಇಳಿದು ಬರುತ್ತಿದ್ದರು, ಈ ಕಡೆ ನಾನು ನೋಡ್ಕೋತೀನಿ, ನೀನು ಬೆಳಕಲ್ಲಿರು. ಇದೇನಾ ಅಮ್ಮಾ, ಮಗಳ ದನಿ ಮೆತ್ತಗಾಗಿದೆ. ಇದೇ. ಮೆಕ್ಯಾನಿಕ್ಕು, ಹಂಗಾದ್ರೆ ಡೂಮು ಹೊಸದು ಹಾಕ್ಕೊಡ್ಲಾ ಅಕ್ಕಾ, ಆ ಕತ್ಲೆ ಹೋಗುತ್ತೆ — ಬೇಡ, ಮುಟ್ಟಬೇಡ, ಯಾರೂ ಮುಟ್ಟಬೇಡಿ, ಅಷ್ಟು ಜಾಗ ಇವರದು, ಇನ್ನೂ ಆರಿಸಬೇಡ ತಮ್ಮಾ, ಹಿಡಿದುಕೊಂಡಿರು, ಬಗ್ಗಿದ ಬೆನ್ನು, ಮಣ್ಣಿನಲ್ಲಿ ತಡಕುವ ಕೈ, ನೀನು ಬೆಳಕಲ್ಲಿರು, ಇದ್ದೇನೆ, ಇಲ್ಲೇ ಇದ್ದೇನೆ, ಬಗ್ಗಿದ ಬೆನ್ನು, ಕತ್ತಲೆಯಲ್ಲಿ ಬಗ್ಗಿದ ಬೆನ್ನು —