ಕರಡಿ ಮನೆಯ ಬಾಗಿಲು

ಒಂದೂರಿನಲ್ಲಿ ಒಂದು ಬಾಗಿಲಿತ್ತಂತೆ. ಆ ಬಾಗಿಲಿಗೆ ಮನೆಯಿರಲಿಲ್ಲ. ಗೋಡೆಯಿಲ್ಲ, ಸೂರಿಲ್ಲ, ಹೊಸಿಲಿನ ಆಚೆಗೂ ಈಚೆಗೂ ಅದೇ ನೆಲ. ಆದರೂ ಅದರೊಳಗೆ ಒಂದು ಕರಡಿ ವಾಸವಾಗಿತ್ತಂತೆ. ಒಂದು ದಿನ ಕರಡಿ ಹೊರಗೆ ಹೋಯಿತು. ಬಾಗಿಲು ತೆರೆದೇ ಉಳಿಯಿತು, ಇಪ್ಪತ್ತಾರು ವರ್ಷ.

ಆ ಬಾಗಿಲೇ ಈಗ ನಡುಮನೆಯಲ್ಲಿ ಅಡ್ಡ ನಿಂತಿತ್ತು. ಒಳಕೋಣೆಯಿಂದ ಅಪ್ಪನನ್ನು ಹೊತ್ತು ತಂದವರು ಅದರೆದುರು ತಡೆದು ನಿಂತರು. ಶವವಾಹನದ ಚಾಲಕ ಮುಂದೆ ಬಂದು, ದಾರಿಗೆ ಚಾಚಿಕೊಂಡಿದ್ದ ಕದವನ್ನು ಮುಚ್ಚಲು ಕೈಹಾಕಿದ.

"ಹಾಕಬೇಡಿ!"

ಮಗಳು ಕಿರುಚಿದ ರಭಸಕ್ಕೆ ಅಳುತ್ತಿದ್ದ ಸೋದರತ್ತೆಯೂ ಅಳು ನಿಲ್ಲಿಸಿದಳು.

"ಹಾಕದೆ ಹೇಗಮ್ಮಾ ದಾಟೋದು?" ಅಂದ ಚಾಲಕ.

"ಚೌಕಟ್ಟು ಸಮೇತ ಎತ್ತಿ ಪಕ್ಕಕ್ಕಿಡಿ. ತೆರೆದೇ ಇರ್ಲಿ."

"ನೋಡಿದ್ರಾ, ಅಪ್ಪನ ಹುಚ್ಚು ಮಗಳಿಗೂ ಹತ್ತಿದೆ," ಅತ್ತೆ ಮೂಗೊರೆಸಿಕೊಂಡಳು. "ಕೊನೇ ದಿನಾನಾದ್ರೂ ನಮ್ಮಣ್ಣನ್ನ ಸರಾಗವಾಗಿ ಹೋಗೋಕೆ ಬಿಡಲ್ಲ, ಈ ದರಿದ್ರ ಬಾಗಿಲು!"

"ಇರ್ಲಿ ಬಿಡಿ," ಅಂದಳು ಅಮ್ಮ ಮೆಲ್ಲಗೆ. "ಅವರಿಗೆ ಯಾವತ್ತು ಅವಸರ ಇತ್ತು?"

ಇಬ್ಬರು ಚೌಕಟ್ಟನ್ನು ಎತ್ತಿದರು. ಎದೆಯೆತ್ತರದ ಪುಟ್ಟ ಬಾಗಿಲು ಗಾಳಿಯಲ್ಲಿ ಒಮ್ಮೆ ತೂಗಿ, ಕಿ...ರ್ರ್ರ್ ಅಂದಿತು. ಚಾಲಕ ಅಲುಗಾಡದೆ ನಿಂತ.

"ಈ ಸದ್ದು... ಇದು ನಂಗೊತ್ತಲ್ಲಾ?" ಅವನ ಗಂಟಲು ಇದ್ದಕ್ಕಿದ್ದಂತೆ ಚಿಕ್ಕವನ ಗಂಟಲಾಗಿತ್ತು. "ಇದು ರೇಡಿಯೋದ ಕರಡಿ ಮನೆ ಬಾಗಿಲು ಅಲ್ವೇನಮ್ಮಾ?"

*

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಬರುತ್ತಿತ್ತು, 'ಕರಡಿ ಮನೆ'. ಕತೆ ಹೇಳುವವರು ಒಬ್ಬರು. ಅವರ ದನಿಗೆ ಮರುಳಾಗದವರಿರಲಿಲ್ಲ. ಜೇನುಗಂಟಲು ಎಂದೇ ಅವರ ಹೆಸರಾಗಿತ್ತು. ಅಪ್ಪ ಒಂದು ಮಾತೂ ಆಡುತ್ತಿರಲಿಲ್ಲ. ಅವನು ಸದ್ದಿನವನು. ಜರಡಿಯಲ್ಲಿ ಒಣ ಬಟಾಣಿ ಉರುಳಿಸಿದರೆ ಮಳೆ. ಹಳೆಯ ಕೊಡೆ ಬಿಚ್ಚಿ ಮುಚ್ಚಿದರೆ ಹದ್ದು. ಮರಳು ತುಂಬಿದ ಎರಡು ಚೀಲಗಳನ್ನು ಒಂದಾದ ಮೇಲೊಂದು ನೆಲಕ್ಕೊತ್ತಿದರೆ, ಅದೋ, ಕರಡಿ ಬಂತು. ಆ ಕರಡಿ ಮಾತಾಡುತ್ತಿರಲಿಲ್ಲ, ನಡೆಯುತ್ತಿತ್ತು, ಏದುಸಿರು ಬಿಡುತ್ತಿತ್ತು. ಕತೆ ಮುಗಿದಾಗ ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿತ್ತು. ಕಿರ್ರ್ ಅನ್ನುವ ಕದ, ಒಂದು ಉಸಿರಿನಷ್ಟು ಮೌನ, ಆಮೇಲೆ ಚಿಲಕ. ಆ ಚಿಲಕ ಬಿದ್ದರೆ ಎಷ್ಟೋ ಮನೆಗಳಲ್ಲಿ ಮಕ್ಕಳು ಮಧ್ಯಾಹ್ನದ ನಿದ್ದೆಗೆ ಜಾರುತ್ತಿದ್ದರು.

ಒಂದು ಭಾನುವಾರ, ತಪ್ಪಿಸಿಕೊಂಡ ಮೇಕೆಮರಿಯನ್ನು ಹುಡುಕಲು ಕರಡಿ ಹೊರಟಿತು. ಬಾಗಿಲು ತೆರೆದ ಸದ್ದು ಕೇಳಿಸಿತು. "ಮುಂದಿನ ವಾರ ಮರಳಿ ಬರುತ್ತದೆ" ಎಂದರು ಜೇನುಗಂಟಲು. ಮುಂದಿನ ವಾರ ಆ ಹೊತ್ತನ್ನು ಬೇರೆ ಯಾವುದೋ ಕಾರ್ಯಕ್ರಮಕ್ಕೆ ಕೊಟ್ಟುಬಿಟ್ಟಿದ್ದರು.

ರೇಡಿಯೋ ಕೇಂದ್ರದ ಹಿತ್ತಿಲಲ್ಲಿ ಎಸೆದಿದ್ದ ಆ ಸದ್ದಿನ ಬಾಗಿಲನ್ನು ಅಪ್ಪ ತಳ್ಳುಗಾಡಿಯ ಮೇಲೆ ಮನೆಗೆ ತಂದ. ಅತ್ತೆ ಬಂದಾಗಲೆಲ್ಲ ಅದರ ಮೇಲೆ ಒದ್ದೆ ಬಟ್ಟೆ ಹರವುತ್ತಿದ್ದಳು, ಅಪ್ಪ ಸುಮ್ಮನಿರುತ್ತಿದ್ದ. ಯಾರಾದರೂ ಕದ ಮುಚ್ಚಹೋದರೆ ಮಾತ್ರ, "ಬೇಡ, ಕರಡಿ ಇನ್ನೂ ಹೊರಗಿದೆ," ಅನ್ನುತ್ತಿದ್ದ.

ಹೋದ ತಿಂಗಳು, ಹಾಸಿಗೆ ಹಿಡಿದಿದ್ದ ಅಪ್ಪ ಮಗಳ ಕೈ ಹಿಡಿದುಕೊಂಡ.

"ನನ್ನ ಕೈಲಾಗಲಿಲ್ಲ. ಆ ಬಾಗಿಲು ನೀನು ಹಾಕ್ತೀಯಾ? ಆದ್ರೆ ಖಾಲಿ ಮನೇಲಿ ಹಾಕಬೇಡ. ಕಾಯ್ತಿರೋರ ಕಿವಿಗೆ ಬೀಳಬೇಕು."

"ಇನ್ನೂ ಯಾರು ಕಾಯ್ತಾರಪ್ಪಾ?"

"ನಂಗೇನು ಗೊತ್ತು? ಮಕ್ಕಳು." ಕಣ್ಣು ಮುಚ್ಚಿದ. "ನಡುವೆ ಒಂದು ಉಸಿರು ಬಿಡು, ಮರೀಬೇಡ. ಬಾಲ ಒಳಗೆ ಬರ್ಬೇಕಲ್ಲ."

"ಕರಡಿಗೆ ಅಷ್ಟುದ್ದ ಬಾಲ ಎಲ್ಲಿದೆ?"

"ಕೇಳೋರಿಗೆ ಇದೆ," ಅಂದ ಅಪ್ಪ.

*

ಸ್ಮಶಾನದ ಕಲ್ಲುಬೆಂಚಿನ ಮೇಲೆ ಕೂತು ಮಗಳು ಫೋನು ತೆರೆದಳು. ಬೆಳಿಗ್ಗೆ ಅವಳು ಬರೆದಿದ್ದು ಒಂದೇ ಸಾಲು: 'ಕರಡಿ ಮನೆಯ ಕರಡಿ ಇಂದು ಹೊರಟುಹೋಯಿತು.' ಅದು ಈಗ ಸಾವಿರಾರು ಜನರ ಕೈದಾಟಿತ್ತು. ಅತ್ತವರಿದ್ದರು, ಹೂ ಇಟ್ಟವರಿದ್ದರು, ದೀಪದ ಚಿತ್ರ ಹಚ್ಚಿದವರಿದ್ದರು. ಎಲ್ಲರೂ ಹಾಕಿದ್ದು ಒಂದೇ ಫೋಟೋ, ಜೇನುಗಂಟಲಿನದು. ಕರಡಿ ಮನೆ ಎಂದರೆ ಅವರಿಗೆ ಗೊತ್ತಿದ್ದ ಮುಖ ಅದೊಂದೇ. ತಪ್ಪು ತನ್ನದೇ ಎಂದು ಮಗಳಿಗೆ ಹೊಳೆಯಿತು. ಕರಡಿ ಯಾರೆಂದು ಅವಳು ಬರೆದಿರಲೇ ಇಲ್ಲ.

ಆ ಹೊತ್ತಿಗೆ ಕೋಲೂರಿಕೊಂಡು ಜೇನುಗಂಟಲೇ ಬಂದು ಪಕ್ಕದಲ್ಲಿ ಕೂತರು.

"ಬೆಳಗಿಂದ ಮೂರು ಸಾವಿರ ಸಲ ಸತ್ತಿದ್ದೀನಿ ಮಗಳೇ," ಅಂದರು. ಆ ದನಿಯಲ್ಲಿ ಸಾವೂ ಜೋಗುಳದ ಹಾಗೆ ಕೇಳಿಸಿತು. "ನಾನು ಬದುಕಿದ್ದೀನ್ರಪ್ಪಾ ಅಂತ ಬರೆದೆ. 'ಸತ್ತವರ ಹೆಸರಲ್ಲಿ ಆಟ ಆಡೋಕೆ ನಾಚಿಕೆ ಆಗಲ್ವಾ?' ಅಂತ ಒಬ್ಬಳು ಝಾಡಿಸಿದಳು."

ಅತ್ತೆ ಅಳುತ್ತಲೇ ಕಿಸಕ್ಕನೆ ನಕ್ಕಳು. "ನಿಮಗೇನು ಸ್ವಾಮಿ, ಬದುಕಿದ್ದಾಗಲೂ ಹೊಗಳಿಕೆ, ಸತ್ತ ಮೇಲೂ ಹೊಗಳಿಕೆ. ನಮ್ಮಣ್ಣನಿಗೆ ಸತ್ತಿದ್ದೂ ದಕ್ಕಲಿಲ್ಲ."

ಮಗಳು ಅಪ್ಪನ ಫೋಟೋ ಹಾಕೋಣವೆಂದು ಹುಡುಕಿದಳು. ಸ್ಟುಡಿಯೋದಲ್ಲಿ ತೆಗೆದದ್ದು ಒಂದೇ ಒಂದಿತ್ತು. ಅದರಲ್ಲಿ ಜೇನುಗಂಟಲು ನಗುತ್ತಿದ್ದಾರೆ. ಹಿಂದೆ ಆ ಬಾಗಿಲು, ಅದರ ಮರೆಗೆ ಯಾರೋ ಬಗ್ಗಿದ್ದಾರೆ, ಕದದ ಕೆಳಗೆ ಕಾಣುವುದು ಎರಡು ಬರಿಗಾಲಷ್ಟೇ. ಅದೇ ಅಪ್ಪ.

ತಿದ್ದಿ ಬರೆಯತೊಡಗಿದಳು, ಅಳಿಸಿದಳು. ಬೆರಳು ಸುಮ್ಮನೆ ಕೆಳಗೆ ಕೆಳಗೆ ಜಾರುತ್ತಿತ್ತು. ಅಲ್ಲೊಬ್ಬರು ಕೇಳಿದ್ದರು: 'ಆ ಬಾಗಿಲು ಹಾಕಲೇ ಇಲ್ಲವಲ್ಲ. ಕರಡಿ ಮನೆಗೆ ಬಂತಾ?' ಅದರ ಕೆಳಗೆ ಇನ್ನೊಬ್ಬರು: 'ನಾನೂ ಅದನ್ನೇ ಯೋಚಿಸುತ್ತಿರುತ್ತೇನೆ. ನಗಬೇಡಿ, ನನಗೀಗ ಮೂವತ್ತೈದು.' ಅದರ ಕೆಳಗೆ: 'ನನಗೂ.' 'ನನಗೂ.' 'ನನಗೂ.' ನೂರಾರು ಜನ, ಬಾಗಿಲ ಮುಂದೆ ಸಾಲಾಗಿ ನಿಂತ ಮಕ್ಕಳ ಹಾಗೆ.

ಕಾಯುತ್ತಿರುವವರು ಇವರೇ.

"ಮನೆಗೆ ಹೋಗೋಣ," ಅಂದಳು ಮಗಳು. "ಇವತ್ತು ಭಾನುವಾರ. ಎರಡು ಹೊಡೆಯೋದ್ರೊಳಗೆ ಮುಟ್ಟಬೇಕು."

ಚಾಲಕ ಆಗಲೇ ಬೀಗದ ಕೈ ತೆಗೆದಿದ್ದ.

*

ಬಾಗಿಲು ಮತ್ತೆ ನಡುಮನೆಗೆ ಬಂತು. ಮಗಳು ಫೋನಿನಲ್ಲಿ ನೇರಪ್ರಸಾರಕ್ಕೆ ಅಣಿಮಾಡಿ, ಮೇಲೆ ಬರೆದಳು: 'ಕರಡಿಯ ಕಾಲು, ಉಸಿರು, ಬಾಗಿಲು, ಎಲ್ಲವೂ ನನ್ನ ಅಪ್ಪ. ಮುಖ ಬೇಡ, ಕೇಳಿ.' ಆ ಬರಿಗಾಲಿನ ಫೋಟೋವನ್ನೂ ಇಟ್ಟಳು.

"ನೀವು ಒಂದು ಮಾತು ಹೇಳಿ, 'ಕರಡಿ ಮರಳಿ ಬಂತು' ಅಂತ," ಎಂದು ಫೋನನ್ನು ಜೇನುಗಂಟಲಿನ ಮುಂದೆ ಹಿಡಿದಳು.

ಅವರು ಬಾಯಿ ತೆರೆದರು. ಇಪ್ಪತ್ತಾರು ವರ್ಷ ಆ ಸಾಲು ಅವರ ನಾಲಿಗೆಯ ತುದಿಯಲ್ಲೇ ಇತ್ತೇನೋ. ಆದರೆ ತಲೆಯಾಡಿಸಿಬಿಟ್ಟರು.

"ನಾನು ಬಾಯಿ ಬಿಟ್ಟರೆ ಕರಡಿ ಮತ್ತೆ ನನ್ನದಾಗಿಬಿಡುತ್ತೆ. ಕೊಡಿಲ್ಲಿ, ನಾನು ಹಿಡ್ಕೋತೀನಿ." ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿಲ ಪಕ್ಕ ಮಂಡಿಯೂರಿ, ತುಟಿ ಬಿಗಿದು ಕೂತರು.

"ಹೆಜ್ಜೆ ಯಾರು ಹಾಕ್ತಾರೆ?" ಅತ್ತೆ ಪಿಸುಗುಟ್ಟಿದಳು.

ಅಮ್ಮ ಮಂಚದ ಅಡಿಯಿಂದ ಮರಳಿನ ಚೀಲಗಳನ್ನು ಎಳೆದಳು.

"ನಿಂಗೆ ಬರುತ್ತಾ ಅಮ್ಮಾ?"

"ಹನ್ನೊಂದು ವರ್ಷ ಇದೇ ಮನೇಲಿ ಅಭ್ಯಾಸ ಮಾಡಿದ್ದಾರೆ. ಅನ್ನ ಬೇಯ್ತಿದ್ರೆ ಆಚೆ ಕರಡಿ ನಡೀತಿತ್ತು. ಬರದೆ ಏನು?" ಅಮ್ಮ ಸೆರಗು ಸಿಕ್ಕಿಸಿಕೊಂಡಳು. "ಎಡಗಾಲು ಸ್ವಲ್ಪ ಎಳೀಬೇಕು. ಮುಳ್ಳು ಚುಚ್ಚಿದೆ ಅದಕ್ಕೆ."

ಎರಡು ಗಂಟೆ ಹೊಡೆಯಿತು. ಅಮ್ಮ ಅಡುಗೆಮನೆಯ ಮೂಲೆಯಲ್ಲಿ ಬಗ್ಗಿ ಶುರುಮಾಡಿದಳು. ಧಪ್. ಸರ್ರ್ ಧಪ್. ದೂರದ ಕಾಡು, ಒದ್ದೆ ಎಲೆ. ಧಪ್. ಸರ್ರ್ ಧಪ್. ಹೆಜ್ಜೆ ಊಟದ ಮೇಜು ದಾಟಿತು, ಖಾಲಿ ಮಂಚ ದಾಟಿತು. ಅತ್ತೆ ತನಗೇ ತಿಳಿಯದೆ ಗೋಡೆಗೆ ಒತ್ತಿಕೊಂಡು ದಾರಿಬಿಟ್ಟಳು. ಗೋಡೆಗೊರಗಿ ಕೂತಿದ್ದ ಚಾಲಕನ ರೆಪ್ಪೆಗಳು ಭಾರವಾಗತೊಡಗಿದವು. ಫೋನಿನ ಪರದೆಯ ಮೇಲೆ ಒಂದೇ ಸಮನೆ ಏರುತ್ತಿದ್ದ ಕೇಳುಗರ ಅಕ್ಷರಗಳು ತಡೆದು ತಡೆದು, ಕೊನೆಗೆ ನಿಂತೇಹೋದವು.

ಹೊಸಿಲ ಬಳಿ ಹೆಜ್ಜೆ ನಿಂತಿತು. ಎಡಗಾಲು ಒಳಗೆ ಬಂತು.

ಮಗಳು ಕದಕ್ಕೆ ಕೈಯಿಟ್ಟಳು. ಕಿ...ರ್ರ್ರ್.

ಒಂದು ಉಸಿರು. ಕಿಟಕಿಯ ಪರದೆ ಎದ್ದು ಬಿತ್ತು. ಕೂದಲುಳ್ಳದ್ದೇನೋ ಅವಳ ಕಣಕಾಲನ್ನು ಸವರಿಕೊಂಡು, ನಿಧಾನವಾಗಿ, ಉದ್ದಕ್ಕೂ ಎಳೆದುಕೊಂಡು ಒಳಗೆ ಹೋಯಿತು.

ಚಿಲಕ ಬಿತ್ತು.